ಹೊಸ ಬೀಜ ಬಂದಾಗ ಯಾರನ್ನು ಕೇಳಬೇಕು?

ನಮ್ಮ ಸೀಮೆ, ನಮ್ಮ ಬೀಜ

ಮಾಯಸಂದ್ರ ತುರುವೇಕೆರೆ ತಾಲ್ಲೂಕಿನ ಒಂದು ಹೋಬಳಿ. ಇದು ತೆಂಗಿನ ಸೀಮೆ. ಪಕ್ಕದಲ್ಲಿ ತಿಪಟೂರು. ಅಲ್ಲಿ ಕೊಬ್ಬರಿ ಮಾರುಕಟ್ಟೆ ಇದೆ. ಇನ್ನೊಂದು ಕಡೆ ಚಿಕ್ಕನಾಯಕನಹಳ್ಳಿ. ಈ ಮೂರೂ ತಾಲ್ಲೂಕುಗಳಲ್ಲಿ ಮಕ್ಕಳ ಓದು, ಮನೆಯ ಮದುವೆ, ಸಾಲದ ಕಂತು, ಎಲ್ಲಕ್ಕೂ ತೆಂಗಿನ ಮರವೇ ಆಸರೆ.

ತೋಟದಾಚೆ ಹೊಲ. ಹೊಲದಲ್ಲಿ ರಾಗಿ. ರಾಗಿಯ ನಡುವೆ ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಹಿತ್ತಲಲ್ಲಿ ಬದನೆ, ಹೀರೆ, ಸೋರೆ.

ಈ ಬೀಜಗಳನ್ನು ಯಾರು ಎತ್ತಿಡುತ್ತಾರೆ? ಬಹಳ ಮನೆಗಳಲ್ಲಿ ಹೆಂಗಸರೇ. ಒಳ್ಳೆಯ ತೆನೆ ನೋಡಿ ಆರಿಸುವವರು ನಾವು. ಬಿಸಿಲಿಗೆ ಹಾಕುವವರು ನಾವು. ಬೂದಿ ಬೆರೆಸಿ, ಬೇವಿನ ಸೊಪ್ಪು ಇಟ್ಟು, ಗಡಿಗೆ ಬಾಯಿ ಕಟ್ಟುವವರೂ ನಾವೇ.

ಆದರೆ ಬೀಜದ ಬಗ್ಗೆ ಸಭೆ ನಡೆಯುತ್ತೆ. ಕಾನೂನು ಆಗುತ್ತೆ. ಹೊಸ ಬೀಜ ಬರುತ್ತೆ. ಆಗ ಹೆಂಗಸರು ಎಲ್ಲಿರುತ್ತಾರೆ? ಅಡಿಗೆ ಮನೆಯಲ್ಲಿ! ಬೀಜ ನಮ್ಮ ಕೈಯಲ್ಲಿ, ಮಾತು ಬೇರೆಯವರ ಬಾಯಲ್ಲಿ. ಇದು ಸರಿಯಾ? ಅಕ್ಕಂದಿರೆ, ಈ ಪಾಠದಲ್ಲಿ ಇದನ್ನೇ ನೋಡೋಣ.

ಹುಳಕ್ಕೆ ಬೇಲಿ ಇಲ್ಲ

ಮೊದಲು ನಮ್ಮ ತೆಂಗಿನ ಮಾತು. 1998ರಲ್ಲಿ ಕೇರಳದ ಎರ್ನಾಕುಲಂ ಕಡೆ ತೆಂಗಿಗೆ ಒಂದು ಹೊಸ ಪೀಡೆ ಬಂತು. ಅದೇ ನುಸಿ. ಬರಿ ಕಣ್ಣಿಗೆ ಕಾಣೋಲ್ಲ. ಎಳೆ ಕಾಯಿಯ ತೊಟ್ಟಿನ ಕೆಳಗೆ ಸೇರಿಕೊಂಡು ರಸ ಹೀರುತ್ತೆ. ಕಾಯಿಯ ಮೇಲೆ ಕಂದು ಬಣ್ಣದ ಗೀರು ಬೀಳುತ್ತೆ. ಕಾಯಿ ಸಣ್ಣದಾಗುತ್ತೆ. ಗಾಳಿಯಲ್ಲಿ ತೇಲಿ ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುತ್ತೆ. ಕೇರಳ ದಾಟಿ ನಮ್ಮ ತೋಟಗಳಿಗೂ ಬಂತು. ಅದು ಯಾರ ಬೇಲಿಯನ್ನೂ ಕೇಳಲಿಲ್ಲ.

ಇನ್ನೊಂದು ಪೀಡೆ ಕಪ್ಪು ತಲೆ ಹುಳು. ಇದು ಗರಿಯ ಅಡಿಯಲ್ಲಿ ಬಲೆ ಕಟ್ಟಿಕೊಂಡು ಹಸಿರನ್ನು ತಿನ್ನುತ್ತೆ. ದೂರದಿಂದ ನೋಡಿದರೆ ಮರಕ್ಕೆ ಬೆಂಕಿ ತಗುಲಿದ ಹಾಗೆ ಕಾಣುತ್ತೆ.

ಈ ಹುಳಕ್ಕೆ ಒಂದು ಶತ್ರು ಇದೆ. ಅದರ ಹೆಸರು ಗೋನಿಯೋಜಸ್. ಇದು ಇರುವೆಯಷ್ಟು ಸಣ್ಣ ಕಪ್ಪು ಕಣಜ. ಇದು ಕಪ್ಪು ತಲೆ ಹುಳದ ಮೈಮೇಲೆ ಮೊಟ್ಟೆ ಇಡುತ್ತೆ. ಮೊಟ್ಟೆಯಿಂದ ಬಂದ ಮರಿಗಳು ಆ ಹುಳವನ್ನೇ ತಿಂದು ಮುಗಿಸುತ್ತವೆ. ಈ ಕಣಜವನ್ನು ಪ್ರಯೋಗಾಲಯದಲ್ಲಿ ಸಾಕಿ, ಸಣ್ಣ ಸೀಸೆಯಲ್ಲಿ ತಂದು, ತೋಟದಲ್ಲಿ ಬಿಡುತ್ತಾರೆ. ಒಂದು ಮರಕ್ಕೆ 15ರಿಂದ 20 ಕಣಜ. 15 ದಿನಕ್ಕೆ ಒಂದು ಸಲ. ಒಟ್ಟು 4 ಸಲ. ಇದು ಶಿಫಾರಸು.

ಇಲ್ಲಿ ಒಂದು ಗುಟ್ಟು ಇದೆ. ಒಬ್ಬರ ತೋಟದಲ್ಲಿ ಕಣಜ ಬಿಟ್ಟರು. ಪಕ್ಕದವರು ಅದೇ ವಾರ ವಿಷದ ಔಷಧಿ ಹೊಡೆದರು. ಆಗ ಏನಾಗುತ್ತೆ? ಕಣಜವೂ ಸಾಯುತ್ತೆ, ಹಣವೂ ದಂಡ. ಊರಿನವರು ಕೂತು ಮಾತಾಡಿ, ಒಟ್ಟಿಗೆ ಬಿಟ್ಟರೆ ಮಾತ್ರ ಕೆಲಸ ಆಗುತ್ತೆ.

ಬೇಲಿ ದಾಟುವ ವಿಷಯವನ್ನು ಒಬ್ಬರೇ ನಿರ್ಧಾರ ಮಾಡಲಾಗದು. ಎಲ್ಲರೂ ಸೇರಿ ಮಾಡಬೇಕು. ಬೀಜದ ವಿಷಯವೂ ಹೀಗೇ. ಹೂವಿನ ಪರಾಗಕ್ಕೂ ಬೇಲಿ ಇಲ್ಲ. ಗಾಳಿ ಒಯ್ಯುತ್ತೆ. ಜೇನು ಒಯ್ಯುತ್ತೆ.

ತಳಿ ಬದಲಾಗುವುದು ಹೊಸದಲ್ಲ

ಕೆಲವರು ಹೇಳ್ತಾರೆ, 'ಹಳೇ ಬೀಜವೇ ಸಾಕು. ಹೊಸದೆಲ್ಲ ವಿಷ.' ಇನ್ನು ಕೆಲವರು ಹೇಳ್ತಾರೆ, 'ಹೊಸದೇ ಒಳ್ಳೇದು. ಹಳೇದು ಬಿಸಾಕಿ.' ಎರಡೂ ಪೂರ್ತಿ ಸರಿಯಲ್ಲ.

ರಾಗಿಯನ್ನೇ ನೋಡಿ. ಪಕ್ಕದ ಮಂಡ್ಯ ಜಿಲ್ಲೆಯಲ್ಲಿ ವಿ.ಸಿ. ಫಾರಂ ಇದೆ. ಅಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಇದ್ದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಅವರು ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಕಸಿ ಮಾಡಿದರು. ಅಂದರೆ ಒಂದರ ಹೂವಿನ ಪರಾಗವನ್ನು ಇನ್ನೊಂದರ ಹೂವಿಗೆ ಸೇರಿಸಿದರು. ಹೀಗೆ ಬಂದದ್ದು ಇಂಡಾಫ್ ರಾಗಿ. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಇಳುವರಿ ಹೆಚ್ಚಿತು. ಜನ ಬಿತ್ತಿ ನೋಡಿದರು, ಮುದ್ದೆ ಮಾಡಿ ಉಂಡು ನೋಡಿದರು, ಒಪ್ಪಿದರು. ಆ ಬೀಜವನ್ನು ಮನೆಯಲ್ಲಿ ಎತ್ತಿಟ್ಟು ಮತ್ತೆ ಬಿತ್ತಿದರು.

ಇಲ್ಲಿ ರಾಗಿಗೂ ರಾಗಿಗೂ ಸಂಬಂಧ ಆಯಿತು. ಆದರೆ ಈಗ ಬಂದಿರುವ ಒಂದು ವಿಧಾನ ಬೇರೆ.

ಜೈವಿಕ ತಂತ್ರಜ್ಞಾನ ಅಂದರೇನು?

ತಾಯಿಯ ಮೂಗು ಮಗಳಿಗೆ ಬರುತ್ತೆ. ಅಪ್ಪನ ಎತ್ತರ ಮಗನಿಗೆ ಬರುತ್ತೆ. ಈ ಗುಣಗಳನ್ನು ಹೊತ್ತು ತರುವ ಸೂಕ್ಷ್ಮ ವಸ್ತುವೇ ವಂಶವಾಹಿ. ಗಿಡದಲ್ಲೂ ಇದು ಇದೆ. ಹುಳದಲ್ಲೂ ಇದೆ. ಮಣ್ಣಿನ ಸೂಕ್ಷ್ಮ ಜೀವಿಯಲ್ಲೂ ಇದೆ.

ಒಂದು ಜೀವಿಯ ವಂಶವಾಹಿಯನ್ನು ತೆಗೆದು ಇನ್ನೊಂದು ಜೀವಿಗೆ ಸೇರಿಸಬಹುದು. ಹೀಗೆ ಮಾಡಿದ ಬೆಳೆಗೆ ಕುಲಾಂತರಿ ಬೆಳೆ ಅನ್ನುತ್ತಾರೆ. ಇದು ಜೈವಿಕ ತಂತ್ರಜ್ಞಾನದ ಒಂದು ಭಾಗ. ಗೋನಿಯೋಜಸ್ ಕಣಜ ಬಿಡುವುದು ಬೇರೆ. ರಾಗಿ ಕಸಿ ಬೇರೆ. ಕುಲಾಂತರಿ ಬೇರೆ. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು. ಒಂದೊಂದನ್ನೂ ಬಿಚ್ಚಿ ನೋಡಬೇಕು.

ಮಣ್ಣಿನಲ್ಲಿ ಬಿ.ಟಿ. ಎಂಬ ಸೂಕ್ಷ್ಮ ಜೀವಿ ಇದೆ. ಅದರಲ್ಲಿ ಕೆಲವು ಹುಳಗಳನ್ನು ಕೊಲ್ಲುವ ವಸ್ತು ಇದೆ. ಆ ವಸ್ತು ಮಾಡುವ ವಂಶವಾಹಿಯನ್ನು ಹತ್ತಿ ಗಿಡಕ್ಕೆ ಸೇರಿಸಿದರು. ಅದೇ ಬಿ.ಟಿ. ಹತ್ತಿ. ಕಾಯಿಕೊರಕ ಹುಳು ಅದನ್ನು ತಿಂದರೆ ಸಾಯುತ್ತೆ.

ಹತ್ತಿಯ ಕತೆ

1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಒಂದು ಘಟನೆ ನಡೆಯಿತು. ಅಲ್ಲಿನ ಒಂದು ಹೊಲದಲ್ಲಿ ಬಿ.ಟಿ. ಹತ್ತಿಯ ಪ್ರಯೋಗ ನಡೆದಿತ್ತು. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿ ಅವರ ನಾಯಕತ್ವದ ರೈತ ಸಂಘದವರು ಆ ಗಿಡಗಳನ್ನು ಕಿತ್ತು ಸುಟ್ಟರು. ಬೆಳೆದದ್ದು ಏನು ಅಂತ ರೈತನಿಗೇ ಸರಿಯಾಗಿ ಹೇಳಿಲ್ಲ ಎಂದು ರೈತ ಸಂಘ ದೂರಿತು.

ಸುಟ್ಟದ್ದು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಆದರೆ ಇದರಿಂದ ಒಂದು ಮಾತು ಕಲಿಯಬಹುದು. ಜನರಿಗೆ ಹೇಳದೆ ತಂದ ವಸ್ತುವನ್ನು ಜನ ನಂಬುವುದಿಲ್ಲ.

2002ರಲ್ಲಿ ಸರಕಾರ ಬಿ.ಟಿ. ಹತ್ತಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ದೇಶದಲ್ಲಿ ಒಪ್ಪಿಗೆ ಪಡೆದ ಮೊದಲ ಕುಲಾಂತರಿ ಬೆಳೆ ಅದು. ಮೊದಲ ವರ್ಷಗಳಲ್ಲಿ ಕಾಯಿಕೊರಕ ಕಡಿಮೆ ಆಯಿತು. ರೈತರು ಬೇಗ ಒಪ್ಪಿಕೊಂಡರು. ಆದರೆ ಬರಬರುತ್ತಾ ಗುಲಾಬಿ ಕಾಯಿಕೊರಕ ಎಂಬ ಹುಳು ಆ ವಿಷಕ್ಕೆ ಪಳಗಿತು. ಗುಜರಾತಿನಲ್ಲಿ ಮೊದಲು ಕಂಡಿತು. ಆಮೇಲೆ ನಮ್ಮ ರಾಜ್ಯದ ಹತ್ತಿ ಸೀಮೆಯಲ್ಲೂ ಕಂಡಿತು. ಮತ್ತೆ ಔಷಧಿ ಹೊಡೆಯಬೇಕಾಯಿತು.

ಇನ್ನೂ ಒಂದು ಮಾತು. ನಮ್ಮಲ್ಲಿ ಮಾರುವ ಬಿ.ಟಿ. ಹತ್ತಿ ಬೀಜ ಹೆಚ್ಚಾಗಿ ಹೈಬ್ರಿಡ್ ಬೀಜ. ಅದನ್ನು ಎತ್ತಿಟ್ಟು ಬಿತ್ತಿದರೆ ಅದೇ ಇಳುವರಿ ಬರೋಲ್ಲ. ವರ್ಷ ವರ್ಷ ಕೊಳ್ಳಬೇಕು. ಬೀಜದ ಗಡಿಗೆಯ ಕೆಲಸ ಅಲ್ಲಿಗೆ ಮುಗಿಯಿತು.

ಬದನೆಕಾಯಿಗೆ ಕೂತ ಪಂಚಾಯಿತಿ

ಹತ್ತಿಯನ್ನು ಉಡುತ್ತೇವೆ. ಬದನೆಯನ್ನು ಉಣ್ಣುತ್ತೇವೆ. ಆದ್ದರಿಂದ ಬಿ.ಟಿ. ಬದನೆ ಬಂದಾಗ ಗಲಾಟೆ ಹೆಚ್ಚಾಯಿತು.

ಕುಲಾಂತರಿ ಬೆಳೆಗಳನ್ನು ಪರೀಕ್ಷೆ ಮಾಡಲು ದೆಹಲಿಯಲ್ಲಿ ಒಂದು ಸಮಿತಿ ಇದೆ. ಅದರಲ್ಲಿ ವಿಜ್ಞಾನಿಗಳು, ಅಧಿಕಾರಿಗಳು ಇರುತ್ತಾರೆ. 2009ರ ಅಕ್ಟೋಬರಿನಲ್ಲಿ ಆ ಸಮಿತಿ ಬಿ.ಟಿ. ಬದನೆಗೆ ಒಪ್ಪಿಗೆ ಕೊಟ್ಟಿತು. ಆಗ ಜೈರಾಂ ರಮೇಶ್ ಕೇಂದ್ರದ ಪರಿಸರ ಸಚಿವರು. ಅವರು ಹೇಳಿದರು, 'ಮೊದಲು ಜನರನ್ನು ಕೇಳೋಣ.'

ಹಾಗೆ 7 ನಗರಗಳಲ್ಲಿ ಬಹಿರಂಗ ಸಭೆ ನಡೆಯಿತು. ಕೊನೆಯ ಸಭೆ ಬೆಂಗಳೂರಿನಲ್ಲಿ. 2010ರ ಫೆಬ್ರವರಿ 6ರಂದು. ರೈತರು ಬಂದರು. ವಿಜ್ಞಾನಿಗಳು ಬಂದರು. ಬೀಜದ ಕಂಪನಿಯವರು ಬಂದರು. ಡಾಕ್ಟರುಗಳು, ಅಡಿಗೆ ಮಾಡುವ ಹೆಂಗಸರು, ವಿದ್ಯಾರ್ಥಿಗಳು, ಎಲ್ಲರೂ ಬಂದರು.

ಬೇಕು ಅನ್ನುವವರು ಹೀಗೆ ಹೇಳಿದರು. 'ಬದನೆಗೆ ಈಗ ಸಿಂಪಡಿಸುವ ವಿಷ ಬಹಳ. ಬಿ.ಟಿ. ಬದನೆ ಬಂದರೆ ಕಾಯಿಕೊರಕ ಕಡಿಮೆ ಆಗುತ್ತೆ. ವಿಷ ಕಡಿಮೆ ಆಗುತ್ತೆ. ಖರ್ಚೂ ಕಡಿಮೆ.'

ಬೇಡ ಅನ್ನುವವರು ಹೀಗೆ ಹೇಳಿದರು. 'ಬದನೆ ನಮ್ಮ ದೇಶದ ಬೆಳೆ. ನೂರಾರು ನಾಟಿ ತಳಿ ಇವೆ. ಪರಾಗ ಹಾರಿ ಅವುಗಳಿಗೆ ಸೇರಿದರೆ ಗತಿ ಏನು? ಬಹಳ ವರ್ಷ ತಿಂದರೆ ಏನಾಗುತ್ತೆ ಅಂತ ಪರೀಕ್ಷೆ ಸಾಕಷ್ಟು ಆಗಿದೆಯಾ? ಬೀಜ ಯಾರ ಕೈಗೆ ಹೋಗುತ್ತೆ?'

ಕರ್ನಾಟಕವೂ ಸೇರಿ ಹಲವು ರಾಜ್ಯ ಸರಕಾರಗಳು ಈಗಲೇ ಬೇಡ ಅಂದವು. ಫೆಬ್ರವರಿ 9ರಂದು ಸಚಿವರು ಬಿ.ಟಿ. ಬದನೆಗೆ ತಡೆ ಹಾಕಿದರು.

ನೆರೆಯ ಬಾಂಗ್ಲಾದೇಶ ಬೇರೆ ದಾರಿ ಹಿಡಿಯಿತು. 2013ರಲ್ಲಿ ಒಪ್ಪಿಗೆ ಕೊಟ್ಟಿತು. 2014ರಲ್ಲಿ 20 ರೈತರು ನೆಟ್ಟರು. ಆಮೇಲೆ ಸಾವಿರಾರು ಜನ ನೆಟ್ಟರು. ಅಲ್ಲಿ ವಿಷ ಸಿಂಪಡಿಸುವುದು ಕಡಿಮೆ ಆಯಿತು ಎಂದು ಅಧ್ಯಯನಗಳು ಹೇಳಿವೆ. ಎರಡೂ ದೇಶದ ಕತೆ ನಮಗೆ ಗೊತ್ತಿರಬೇಕು. ಒಂದೇ ಕಡೆ ಕೇಳಿ ತೀರ್ಪು ಕೊಡಬಾರದು.

ಬದನೆಯ ಇನ್ನೊಂದು ಜಗಳ

ಬೆಂಗಳೂರಿನ ಸಭೆ ನಡೆದ ತಿಂಗಳಲ್ಲೇ ಒಂದು ದೂರು ಬಂತು. ಬಿ.ಟಿ. ಬದನೆ ಮಾಡಲು ನಮ್ಮ ನಾಡಿನ ನಾಟಿ ತಳಿಗಳನ್ನೇ ಬಳಸಿದ್ದರು. ಉಡುಪಿ ಗುಳ್ಳ, ಕುಡಚಿ ಬದನೆ, ರಬಕವಿ ಬದನೆ, ಮಲಾಪುರ ಬದನೆ ಅವುಗಳಲ್ಲಿ ಕೆಲವು. ಈ ತಳಿಗಳನ್ನು ಕಾಪಾಡಿದ ಊರಿನವರನ್ನು ಕೇಳಿಲ್ಲ, ಕಾನೂನಿನ ಪ್ರಕಾರ ಒಪ್ಪಿಗೆ ಪಡೆದಿಲ್ಲ ಎಂಬುದೇ ದೂರು. ವಿಷಯ ಕೋರ್ಟಿನವರೆಗೂ ಹೋಯಿತು.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಬೇರೆಯಾದ ಒಂದು ಉದಾಹರಣೆ ಇದೆ. ಗುಬ್ಬಿ ತಾಲ್ಲೂಕಿನ ಚೇಳೂರು. ಅಲ್ಲಿನ ಒಂದು ತೋಟದಲ್ಲಿ ತಾಮ್ರದ ಬಣ್ಣದ ತೊಳೆಯ ಹಲಸಿನ ಮರ. ಅದರ ಹೆಸರು ಸಿದ್ದು ಹಲಸು. ಹಿರೇಹಳ್ಳಿ ಕೇಂದ್ರದ ವಿಜ್ಞಾನಿಗಳು ಆ ಮರವನ್ನು ಗುರುತಿಸಿದರು. ಕಸಿ ಮಾಡಿ ಸಸಿ ಬೆಳೆಸಿದರು. ಆದರೆ ಮರದ ಒಡೆಯರನ್ನು ಮರೆಯಲಿಲ್ಲ. 2017ರಲ್ಲಿ ಒಪ್ಪಂದ ಮಾಡಿಕೊಂಡರು. ಸಸಿ ಮಾರಿದ ಹಣದಲ್ಲಿ ಹೆಚ್ಚಿನ ಪಾಲು ಆ ಮನೆಯವರಿಗೇ. ವಿಜ್ಞಾನಕ್ಕೂ ಗೆಲುವು, ರೈತರಿಗೂ ಗೆಲುವು.

ಹೀಗೆ ಕೇಳಿ, ಹೇಳಿ, ಪಾಲು ಕೊಟ್ಟು ತಂದರೆ ಹೊಸದನ್ನು ಜನ ಒಪ್ಪುತ್ತಾರೆ.

ನಮ್ಮ ಊರಿನಲ್ಲೇ ಒಂದು ಸಮಿತಿ

'ದೆಹಲಿ ದೂರ. ಬೆಂಗಳೂರು ದೂರ. ನಾವು ಎಲ್ಲಿ ಕೇಳೋದು?' ಅಂತ ನೀವು ಅನ್ನಬಹುದು. ಕೇಳುವ ಜಾಗ ಹತ್ತಿರದಲ್ಲೇ ಇದೆ.

2002ರಲ್ಲಿ ಜೀವವೈವಿಧ್ಯ ಕಾನೂನು ಬಂತು. ಜೀವವೈವಿಧ್ಯ ಅಂದರೆ ಬಗೆ ಬಗೆಯ ಗಿಡ, ಮರ, ಬೆಳೆ, ದನ, ಪಕ್ಷಿ, ಹುಳು, ಎಲ್ಲ. ಈ ಕಾನೂನಿನ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಸಮಿತಿ ಇರಬೇಕು. ಅದರ ಹೆಸರು ಜೀವವೈವಿಧ್ಯ ನಿರ್ವಹಣಾ ಸಮಿತಿ. ಹೆಸರು ಉದ್ದ. ಆದರೆ ಕೆಲಸ ನಮಗೆ ಗೊತ್ತಿರುವುದೇ.

ಈ ಸಮಿತಿಯವರು ಸಂಬಳಕ್ಕೆ ಬಂದವರಲ್ಲ. ಊರಿನವರೇ. ರೈತರು, ನಾಟಿ ವೈದ್ಯರು, ಕುರಿ ಸಾಕುವವರು, ಸ್ವಸಹಾಯ ಸಂಘದ ಹೆಂಗಸರು ಸೇರಬಹುದು. 2004ರಲ್ಲಿ ಬಂದ ನಿಯಮ ಒಂದು ಒಳ್ಳೆಯ ಮಾತು ಹೇಳಿತು. ಸದಸ್ಯರಲ್ಲಿ ಮೂರರಲ್ಲಿ ಒಂದು ಪಾಲಾದರೂ ಮಹಿಳೆಯರು ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರೂ ಇರಬೇಕು.

ಬಹಳ ಊರುಗಳಲ್ಲಿ ಈ ಸಮಿತಿ ವರ್ಷಗಟ್ಟಲೆ ಆಗಲೇ ಇಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಹಾಕಿತು. 2020ರ ಜನವರಿ ಒಳಗೆ ಎಲ್ಲ ಕಡೆ ಸಮಿತಿ ಮಾಡಿ ಎಂದಿತು. ಆಗ ಅವಸರದಲ್ಲಿ ಬಹಳ ಸಮಿತಿಗಳು ಆದವು. ಕಾಗದದ ಮೇಲೆ ಹೆಸರು ಬಂತು. ಹೆಸರು ಇದ್ದವರಿಗೇ ಅದು ತಿಳಿಯದಿದ್ದರೆ ಏನು ಪ್ರಯೋಜನ? ನಿಮ್ಮ ಪಂಚಾಯಿತಿಯಲ್ಲಿ ಪಟ್ಟಿ ಕೇಳಿ ಓದಿ. ಓದು ಕಲಿತದ್ದು ಇದಕ್ಕೇ ಅಲ್ವಾ?

ಸಮಿತಿಯ ಕೈಯಲ್ಲಿ ಏನಿದೆ?

ಮೊದಲ ಕೆಲಸ, ದಾಖಲೆ ಬರೆಯುವುದು. ಇದಕ್ಕೆ ಜನತಾ ಜೀವವೈವಿಧ್ಯ ದಾಖಲಾತಿ ಅನ್ನುತ್ತಾರೆ. ಊರಿನಲ್ಲಿ ಯಾವ ರಾಗಿ ಇತ್ತು? ಯಾವ ಅವರೆ ಈಗಲೂ ಇದೆ? ಯಾವ ತೆಂಗಿನ ಮರ ಬರಗಾಲದಲ್ಲೂ ಕಾಯಿ ಬಿಟ್ಟಿತು? ಯಾವ ಸೊಪ್ಪು ಯಾವ ನೋವಿಗೆ? ಎಲ್ಲವನ್ನೂ ಬರೆಯಬೇಕು. ಬರೆದಿಟ್ಟರೆ ಅದು ಸಾಕ್ಷಿ. ನಾಳೆ ಯಾರಾದರೂ 'ಈ ತಳಿ ನನ್ನದು' ಅಂದರೆ ನಮ್ಮ ಬಳಿ ಪುಸ್ತಕ ಇರುತ್ತೆ.

ಎರಡನೆಯ ಕೆಲಸ, ಸಲಹೆ ಕೊಡುವುದು. ನಮ್ಮ ಊರಿನ ಬೀಜ, ಗಿಡಗಳ ಬಳಕೆಗೆ ಒಪ್ಪಿಗೆ ಕೊಡುವ ಮೊದಲು ರಾಷ್ಟ್ರದ ಪ್ರಾಧಿಕಾರವೂ ರಾಜ್ಯದ ಮಂಡಳಿಯೂ ಈ ಸಮಿತಿಯ ಅಭಿಪ್ರಾಯ ಪಡೆಯಬೇಕು. ಇದು ಕಾನೂನಿನ ಮಾತು.

ಮೂರನೆಯ ಕೆಲಸ, ವ್ಯಾಪಾರಕ್ಕೆ ಅಂತ ಹೊರಗಿನವರು ಊರಿನಿಂದ ಒಯ್ದರೆ ಶುಲ್ಕ ಕೇಳಬಹುದು.

ಸಮಿತಿಗೆ ಒಂದು ಮಿತಿ ಇದೆ. ಕುಲಾಂತರಿ ಬೆಳೆಗೆ ಒಪ್ಪಿಗೆ ಕೊಡುವುದು, ತಡೆಯುವುದು ಅದರ ಕೈಯಲ್ಲಿಲ್ಲ. ಅದು ದೆಹಲಿಯ ಸಮಿತಿ, ಸರಕಾರಗಳ ಕೆಲಸ. ಹಾಗಾದರೆ ಊರಿನ ಸಮಿತಿ ಯಾಕೆ? ಯಾಕೆ ಅಂದರೆ ಅಲ್ಲಿ ಕೂತು ತಿಳಿದುಕೊಳ್ಳಬಹುದು. ವಿಜ್ಞಾನಿಗಳನ್ನು ಕರೆಸಿ ಕೇಳಬಹುದು. ತಿಪಟೂರು ಬಳಿಯ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಗ್ರಾಮಸಭೆಯಲ್ಲಿ ಠರಾವು ಮಾಡಿ ಮೇಲಿನವರಿಗೆ ಕಳಿಸಬಹುದು.

ಕೇಳಿದರೆ ಮೇಲಿನವರು ಕಿವಿ ಕೊಡುತ್ತಾರಾ? 2010ರಲ್ಲಿ ಕೊಟ್ಟರು. ಮುಂದೆ ಸಾಸಿವೆಯ ವಿಷಯ ಬಂತು. 2022ರಲ್ಲಿ ದೆಹಲಿಯ ಸಮಿತಿ ಕುಲಾಂತರಿ ಸಾಸಿವೆಗೆ ಒಪ್ಪಿಗೆಯ ಶಿಫಾರಸು ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜುಲೈ 23ರಂದು ತೀರ್ಪು ಬಂತು. ಸಾಸಿವೆಯ ಬಗ್ಗೆ ಇಬ್ಬರು ನ್ಯಾಯಾಧೀಶರ ಅಭಿಪ್ರಾಯ ಬೇರೆ ಬೇರೆ ಆಯಿತು. ಆದರೆ ಒಂದು ಮಾತಿನಲ್ಲಿ ಇಬ್ಬರೂ ಒಂದಾದರು. ಕುಲಾಂತರಿ ಬೆಳೆಗಳ ಬಗ್ಗೆ ದೇಶಕ್ಕೆ ಒಂದು ನೀತಿ ಬೇಕು. ಅದನ್ನು ಮಾಡುವಾಗ ರೈತರನ್ನೂ ಸೇರಿಸಿ ಎಲ್ಲರನ್ನೂ ಕೇಳಬೇಕು ಎಂದರು.

ಕೇಳಲು ಬಂದಾಗ ಹೇಳಲು ನಮ್ಮಲ್ಲಿ ಮಾತು ಇರಬೇಕು. ಆ ಮಾತು ಒಂದೇ ದಿನದಲ್ಲಿ ಹುಟ್ಟೋಲ್ಲ.

ನಮಗೆ ಇರುವ ಹಕ್ಕು

2001ರಲ್ಲಿ ಇನ್ನೊಂದು ಕಾನೂನು ಬಂತು. ಅದು ತಳಿ ಮತ್ತು ರೈತರ ಹಕ್ಕುಗಳ ಕಾನೂನು. ಅದರ ಪ್ರಕಾರ ರೈತರು ತಾವು ಬೆಳೆದ ಬೀಜವನ್ನು ಎತ್ತಿಡಬಹುದು. ಮತ್ತೆ ಬಿತ್ತಬಹುದು. ನೆರೆಯವರಿಗೆ ಕೊಡಬಹುದು. ಬದಲಾಯಿಸಿಕೊಳ್ಳಬಹುದು. ಮಾರಲೂಬಹುದು. ಆದರೆ ಕಂಪನಿಯ ಹೆಸರು ಹಾಕಿದ ಚೀಲದಲ್ಲಿ ತುಂಬಿ ಮಾರಬಾರದು. ಅಜ್ಜಿಯ ಕಾಲದಿಂದ ಮಾಡಿದ್ದು ಈಗ ಕಾನೂನಿನ ಹಕ್ಕು.

ಹೊಸ ಬೀಜ ತಂದಾಗ ಕೇಳುವ ಪ್ರಶ್ನೆಗಳು

1. ಇದು ಯಾವ ಬಗೆಯ ಬೀಜ? ನಾಟಿಯಾ, ಹೈಬ್ರಿಡ್ಡಾ, ಕುಲಾಂತರಿಯಾ?
2. ಇದಕ್ಕೆ ಸರಕಾರದ ಒಪ್ಪಿಗೆ ಇದೆಯಾ? ಕಾಗದ ಎಲ್ಲಿ?
3. ಇದರ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತಬಹುದಾ?
4. ನಮ್ಮ ಮಣ್ಣು, ನಮ್ಮ ಮಳೆಯಲ್ಲಿ ಬೆಳೆದು ನೋಡಿದ್ದಾರಾ? ಎಲ್ಲಿ? ಎಷ್ಟು ವರ್ಷ?
5. ಪಕ್ಕದ ಹೊಲಕ್ಕೆ, ಜೇನಿಗೆ, ದನಕ್ಕೆ ಏನಾಗುತ್ತೆ?
6. ಬೆಳೆ ಕೈಕೊಟ್ಟರೆ ನಷ್ಟ ಯಾರು ಕೊಡುತ್ತಾರೆ?
7. ಲಾಭ ಬಂದರೆ ಯಾರ ಪಾಲು ಎಷ್ಟು?

ಕೊಂಡ ಬೀಜದ ರಸೀದಿ, ಚೀಲ, ಚೀಟಿ ಎತ್ತಿಡಿ. ಬೆಳೆ ಕೈಕೊಟ್ಟಾಗ ಅದೇ ಸಾಕ್ಷಿ.

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬಂದರೆ ಹೆದರಬೇಕಾಗಿಲ್ಲ. ಉತ್ತರ ಬಾರದಿದ್ದರೆ ಅವಸರ ಬೇಡ. ಹೊಸದಕ್ಕೆ ಬಾಗಿಲು ಹಾಕುವುದೂ ಬೇಡ. ಕಣ್ಣು ಮುಚ್ಚಿ ಬಾಗಿಲು ತೆಗೆಯುವುದೂ ಬೇಡ. ಬಾಗಿಲಲ್ಲಿ ನಿಂತು, 'ನೀನು ಯಾರು? ಎಲ್ಲಿಂದ ಬಂದೆ? ಏನು ತಂದೆ?' ಅಂತ ಕೇಳೋಣ.

ಚರ್ಚೆ ಮಾಡೋಣ

ನಿಮ್ಮ ಮನೆಯಲ್ಲಿ ಈಗ ಎಷ್ಟು ಬಗೆಯ ನಾಟಿ ಬೀಜ ಇದೆ? ಹೆಸರು ಬರೆಯಿರಿ.
ನಿಮ್ಮ ತಾಯಿಯ ಕಾಲದಲ್ಲಿ ಇದ್ದು ಈಗ ಇಲ್ಲದ ಬೀಜ ಯಾವುದು? ಅದು ಯಾಕೆ ಹೋಯಿತು?
ಕಪ್ಪು ತಲೆ ಹುಳಕ್ಕೆ ಊರೆಲ್ಲ ಸೇರಿ ಯಾಕೆ ಕಣಜ ಬಿಡಬೇಕು?
ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯಲ್ಲಿ ಎಷ್ಟು ಮಹಿಳೆಯರಿದ್ದಾರೆ? ಅವರ ಹೆಸರು ಕೇಳಿ ಬರೆಯಿರಿ.
ಮುಂದಿನ ಗ್ರಾಮಸಭೆಯಲ್ಲಿ ಯಾವ ಪ್ರಶ್ನೆ ಕೇಳುತ್ತೀರಿ? ಯಾರು ಎದ್ದು ನಿಂತು ಕೇಳುತ್ತೀರಿ?

ಓದಿ, ಬರೆಯಿರಿ

ಬೀಜ. ತಳಿ. ಪರಾಗ. ವಂಶವಾಹಿ. ಕುಲಾಂತರಿ. ಸಮಿತಿ. ದಾಖಲೆ. ಹಕ್ಕು. ಠರಾವು.